ಶೆಡ್ಡಿನೊಳಗಿನ ಬಿಸಿಲು

ಜೂನ್ 3, 2025, ಮಂಗಳವಾರ

ಬೆಳಿಗ್ಗೆಯಿಂದ ಪೀಣ್ಯದ ಮೇಲೆ ಮೋಡ. ಆಫೀಸಿನ ತಾರಸಿಯಲ್ಲಿರುವ ಆರು ಪ್ಯಾನೆಲ್‌ಗಳ ಸ್ಟ್ರಿಂಗ್ ಹನ್ನೊಂದು ಗಂಟೆಗೆ 11 ಆಂಪ್ಸ್ ಕೊಡುತ್ತಿತ್ತು. ಕೆಳಗಿಳಿದು ಬಂದು ಮೀಟರ್ ನೋಡುವಷ್ಟರಲ್ಲಿ 3ಕ್ಕೆ ಇಳಿದಿತ್ತು, ಬರೆದುಕೊಳ್ಳುವಷ್ಟರಲ್ಲಿ 7. ಹೊಸ 3 ಕಿಲೋವ್ಯಾಟ್ ಇನ್ವರ್ಟರಿಗೆ ಬರೆದಿರುವ ಎರಡು ಫರ್ಮ್‌ವೇರ್‌ಗಳಲ್ಲಿ ಯಾವುದು ಮೇಲೆಂದು ಇಂಥ ಬಿಸಿಲಿನಲ್ಲಿ ತೀರ್ಮಾನಿಸಲು ಆಗುವುದಿಲ್ಲ. ಒಂದನ್ನು ಓಡಿಸಿದಾಗ ಇದ್ದ ಬಿಸಿಲು ಇನ್ನೊಂದರ ಸರದಿ ಬರುವಾಗ ಇರುವುದಿಲ್ಲ. ಮುಂಗಾರು ಈಗಷ್ಟೇ ಶುರುವಾಗಿದೆ. ಸೆಪ್ಟೆಂಬರ್ ತನಕ ಆಕಾಶವನ್ನು ನಂಬಿ ಕೂರುವಂತಿಲ್ಲ.

ಮಧ್ಯಾಹ್ನ ತೀರ್ಥಹಳ್ಳಿ ಕಡೆಯಿಂದ ಫೋನ್. ಪ್ರಯೋಗಕ್ಕೆಂದು ನಮ್ಮ ಇನ್ವರ್ಟರ್ ಹಾಕಿಸಿಕೊಂಡಿರುವ ಅಡಿಕೆ ಬೆಳೆಗಾರರು. “ಮೇಡಂ, ಬೆಳಗಾದ ಕೂಡಲೇ ನಿಮ್ಮ ಪೆಟ್ಟಿಗೆ ಟಕ್ ಅಂತದೆ, ಆಫ್ ಆಗ್ತದೆ. ಮತ್ತೆ ಟಕ್, ಮತ್ತೆ ಆಫ್. ಎಂಟು ಗಂಟೆ ಆದಮೇಲೇ ಸರಿಯಾಗೋದು. ಬಿಸಿಲು ಚೆನ್ನಾಗಿದ್ದ ದಿನಾನೂ ಪಕ್ಕದ ಮನೆಯವರಿಗೆ ಬಂದಷ್ಟು ಯೂನಿಟ್ ನಮಗೆ ಬರೋದಿಲ್ಲ.” ಮನೆಯ ಹತ್ತಿರ ಮರಗಳಿವೆಯೇ ಎಂದು ಕೇಳಿದೆ. “ತೋಟದ ನಡುವೇ ಅಲ್ವಾ ಮನೆ ಇರೋದು” ಎಂದರು.

2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದಮೇಲೆ 3 ಕಿಲೋವ್ಯಾಟ್ ಇನ್ವರ್ಟರ್ ಕೇಳಿಕೊಂಡು ಬರುವವರು ಹೆಚ್ಚಿದ್ದಾರೆ. 78,000 ರೂಪಾಯಿ ಸಹಾಯಧನ ಸರ್ಕಾರದ್ದು. ಉಳಿದದ್ದು ಮನೆಯವರ ಉಳಿತಾಯ, ಇಲ್ಲವೇ ಬ್ಯಾಂಕಿನ ಸಾಲ. ಹಾಗೆ ದುಡ್ಡು ಹಾಕಿದವರ ತಾರಸಿ ನಮ್ಮ ಪ್ರಯೋಗಶಾಲೆ ಆಗಬಾರದು. ಬೆಳಗಿನ ಮಂಕು ಬೆಳಕು, ಓಡುವ ಮೋಡ, ಮರದ ನೆರಳು ಇವನ್ನೆಲ್ಲ ಶೆಡ್ಡಿನೊಳಗಿನ ಪರೀಕ್ಷಾ ಬೆಂಚಿನ ಮೇಲೆ, ಬೇಕೆಂದಾಗ, ಬೇಕಾದಷ್ಟು ಸಲ ಒಂದೇ ತೆರನಾಗಿ ತರಿಸಬೇಕು. ಇನ್ನು ಬೇರೆ ಕೆಲಸ ಬದಿಗಿಟ್ಟು ಇದನ್ನೇ ಹಿಡಿಯುತ್ತೇನೆ.

ಜೂನ್ 5, ಗುರುವಾರ

ಐಟಿಐ ಮುಗಿಸಿ ಹೊಸದಾಗಿ ಸೇರಿರುವ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. “ಮೇಡಂ, 300 ವೋಲ್ಟಿನ ಡಿಸಿ ಸಪ್ಲೈ ಇದೆಯಲ್ಲ, ಅದನ್ನೇ ಇನ್ವರ್ಟರಿಗೆ ಕೊಟ್ಟರೆ ಆಗಲ್ವಾ?”

ಹಲವು ಕಡೆ ಹಾಗೇ ಮಾಡುತ್ತಾರೆ. ಸಪ್ಲೈ ಕೊಟ್ಟು, ಇನ್ವರ್ಟರ್ ಆನ್ ಆಗುತ್ತದೆಯೇ, ಬಲ್ಬ್ ಉರಿಯುತ್ತದೆಯೇ ಎಂದು ನೋಡಿ ಪ್ಯಾಕ್ ಮಾಡಿ ಕಳಿಸುತ್ತಾರೆ. ಆದರೆ ಸಪ್ಲೈಯ ಸ್ವಭಾವ ಬೇರೆ, ಪ್ಯಾನೆಲ್‌ನ ಸ್ವಭಾವ ಬೇರೆ. ಅವನಿಗೆ 540 ವ್ಯಾಟ್ ಪ್ಯಾನೆಲ್‌ನ ಡೇಟಾಶೀಟ್ ತೋರಿಸಿದೆ. ಏನೂ ಜೋಡಿಸದೆ ಬಿಟ್ಟರೆ 49.5 ವೋಲ್ಟ್. ಎರಡು ತುದಿಯನ್ನೂ ಶಾರ್ಟ್ ಮಾಡಿದರೆ 13.85 ಆಂಪ್ಸ್, ಅದಕ್ಕಿಂತ ಹೆಚ್ಚು ಎಷ್ಟು ಎಳೆದರೂ ಬಾರದು. ಇವೆರಡರ ನಡುವೆ ಒಂದೇ ಒಂದು ಬಿಂದುವಿನಲ್ಲಿ, ಸುಮಾರು 41.6 ವೋಲ್ಟ್ ಮತ್ತು 13 ಆಂಪ್ಸ್ ಇರುವಲ್ಲಿ, ಪೂರ್ತಿ 540 ವ್ಯಾಟ್ ಸಿಗುತ್ತದೆ. ಆ ಬಿಂದುವನ್ನು ಹುಡುಕಿ ಹಿಡಿದುಕೊಳ್ಳುವುದೇ ಇನ್ವರ್ಟರಿನ ಎಂಪಿಪಿಟಿಯ ಕೆಲಸ. ಬೆಳಕು ಕಡಿಮೆಯಾದರೆ ಆಂಪ್ಸ್ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ವೋಲ್ಟೇಜು ಸ್ವಲ್ಪವೇ ಇಳಿಯುತ್ತದೆ. ಪ್ಯಾನೆಲ್ ಬಿಸಿಯಾದರೆ ವೋಲ್ಟೇಜು ಇಳಿಯುತ್ತದೆ, ಆಂಪ್ಸ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಮಾಮೂಲಿ ಸಪ್ಲೈ 300 ವೋಲ್ಟ್ ಎಂದರೆ ತನ್ನ ಮಿತಿ ಮುಟ್ಟುವ ತನಕ 300 ವೋಲ್ಟೇ. ಎಂಪಿಪಿಟಿ ಒಂದು ಹೆಜ್ಜೆ ಹೆಚ್ಚು ಎಳೆದರೆ ಪವರ್ ಹೆಚ್ಚುತ್ತದೆ, ಇನ್ನೊಂದು ಹೆಜ್ಜೆಗೆ ಮತ್ತೂ ಹೆಚ್ಚುತ್ತದೆ. ಹುಡುಕಬೇಕಾದ ತಿರುವೇ ಅಲ್ಲಿಲ್ಲ. ಕೊನೆಗೆ ಕರೆಂಟ್ ಲಿಮಿಟ್ ತಾಗಿದ ಕೂಡಲೇ ವೋಲ್ಟೇಜು ಕುಸಿದು ಇನ್ವರ್ಟರ್ ಆಫ್ ಆಗುತ್ತದೆ, ಆಮೇಲೆ ಮೊದಲಿನಿಂದ ಶುರು. ಹೀಗೆ ಪಾಸಾದ ಇನ್ವರ್ಟರಿಗೆ ಎಂಪಿಪಿಟಿ ಇದೆಯೋ ಇಲ್ಲವೋ ಎಂಬುದೂ ಗೊತ್ತಾಗಿರುವುದಿಲ್ಲ.

“ಹಾಗಾದ್ರೆ ಶೆಡ್ಡಿನೊಳಗೇ ದೀಪ ಹಾಕೋಣ” ಎಂದ. ಲೆಕ್ಕ ಮಾಡಿಸಿದೆ. ಒಂದು ಪ್ಯಾನೆಲ್‌ನ ವಿಸ್ತೀರ್ಣ 2.58 ಚದರ ಮೀಟರ್, ಆರಕ್ಕೆ ಹದಿನೈದೂವರೆ. ಪೂರ್ಣ ಬಿಸಿಲೆಂದರೆ ಚದರ ಮೀಟರಿಗೆ 1000 ವ್ಯಾಟ್. ಹದಿನೈದೂವರೆ ಕಿಲೋವ್ಯಾಟ್ ಬರೀ ಬೆಳಕೇ ಬೇಕು. ಅಷ್ಟು ಬೆಳಕು ಕೊಡುವ ದೀಪಗಳು ಎಳೆಯುವ ಕರೆಂಟು ಅದರ ಹಲವು ಪಟ್ಟು. ಪ್ಯಾನೆಲ್ ಕಾರ್ಖಾನೆಗಳಲ್ಲಿ ಬಳಸುವ ಫ್ಲ್ಯಾಶ್ ಟೆಸ್ಟರ್ ಕೆಲವೇ ಮಿಲಿಸೆಕೆಂಡು ಮಿಂಚಿ ಆರುತ್ತದೆ. ಪ್ಯಾನೆಲ್ ಅಳೆಯಲು ಅಷ್ಟು ಸಾಕು, ಇನ್ವರ್ಟರ್ ಓಡಿಸಲು ಸಾಲದು. ಅವನೇ ಬೇಡವೆಂದು ತಲೆಯಾಡಿಸಿದ.

ಜೂನ್ 9, ಸೋಮವಾರ

ನಮ್ಮ ಹಿರಿಯ ಟೆಕ್ನಿಷಿಯನ್ನರನ್ನು ಎಲ್ಲರೂ ಅಣ್ಣ ಎನ್ನುತ್ತೇವೆ. ಅಣ್ಣನ ಸಲಹೆ: ಸಪ್ಲೈಗೆ ಸರಣಿಯಲ್ಲಿ ಒಂದು ರೆಸಿಸ್ಟೆನ್ಸ್ ಹಾಕುವುದು. ಗೋದಾಮಿನಲ್ಲಿದ್ದ ನೈಕ್ರೋಮ್ ಲೋಡ್ ಬ್ಯಾಂಕ್ ತಂದು 15 ಓಮ್‌ಗೆ ಕಟ್ಟಿದರು. 300 ವೋಲ್ಟ್ ಸಪ್ಲೈ, 15 ಓಮ್. ಈಗ ಎಳೆದಷ್ಟೂ ವೋಲ್ಟೇಜು ಇಳಿಯುತ್ತದೆ, ಗರಿಷ್ಠ ಪವರ್ ಸರಿಯಾಗಿ ಅರ್ಧ ವೋಲ್ಟೇಜಿನಲ್ಲಿ: 150 ವೋಲ್ಟ್, 10 ಆಂಪ್ಸ್, 1500 ವ್ಯಾಟ್. ಇನ್ವರ್ಟರ್ ಅಲ್ಲಿಗೆ ಹೋಗಿ ನಿಂತಿತು. ಎಂಪಿಪಿಟಿಗೆ ಜೀವವಿದೆ ಎಂಬುದು ಖಾತ್ರಿಯಾಯಿತು.

ಇನ್ನೊಂದು 1500 ವ್ಯಾಟ್ ಲೋಡ್ ಬ್ಯಾಂಕಿನಲ್ಲಿ ಶಾಖವಾಗಿ ಹೋಗುತ್ತಿತ್ತು. ಪಕ್ಕದಲ್ಲಿ ನಿಲ್ಲಲಾಗದಷ್ಟು ಸೆಕೆ. ಅದನ್ನು ಸಹಿಸಬಹುದು, ನನಗೆ ಒಪ್ಪಿಗೆಯಾಗದ್ದು ವೋಲ್ಟೇಜು-ಕರೆಂಟ್ ಕರ್ವ್‌ನ ಆಕಾರ. ರೆಸಿಸ್ಟೆನ್ಸಿನ ಗೆರೆ ನೇರ, ಹಾಗಾಗಿ ಪವರಿನ ಶಿಖರ ತೀರಾ ಚಪ್ಪಟೆ. ಎಂಪಿಪಿಟಿ ಶೇ 10ರಷ್ಟು ಪಕ್ಕಕ್ಕೆ ಹೋದರೂ ಪವರ್ ಕಡಿಮೆಯಾಗುವುದು ಶೇ 1 ಮಾತ್ರ. ನಿಜವಾದ ಪ್ಯಾನೆಲ್‌ನಲ್ಲಿ ವೋಲ್ಟೇಜು ಶೇ 10ರಷ್ಟು ಮೇಲೆ ಹೋದರೆ ಶೇ 15ರ ಆಸುಪಾಸು ಪವರ್ ಹೋಗುತ್ತದೆ. ಸಡಿಲವಾಗಿ ಹುಡುಕುವ ಫರ್ಮ್‌ವೇರ್ ಇಲ್ಲಿ ಪೂರ್ತಿ ಅಂಕ ತೆಗೆದುಕೊಂಡು ತಾರಸಿಯ ಮೇಲೆ ಸೋಲುತ್ತದೆ. ಆ ತೀಕ್ಷ್ಣವಾದ ತಿರುವು ಬೇಕೇಬೇಕು.

ಜೂನ್ 12, ಗುರುವಾರ

ತಿರುವು ಸಿಕ್ಕಿತು. ಅದನ್ನು ಕೊಟ್ಟದ್ದು ಪ್ಯಾನೆಲ್‌ಗಳೇ, ಕತ್ತಲಲ್ಲಿ.

ಸೌರಕೋಶ ಎಂದರೆ ಒಂದು ದೊಡ್ಡ ಡಯೋಡ್. ಬೆಳಕು ಬಿದ್ದಾಗ ಅದರೊಳಗೆ ಕರೆಂಟ್ ಹುಟ್ಟುತ್ತದೆ. ಹೊರಗೆ ಯಾರೂ ಎಳೆಯದಿದ್ದರೆ ಆ ಕರೆಂಟ್ ಅದೇ ಡಯೋಡಿನ ಮೂಲಕ ಹರಿದು ಮುಗಿಯುತ್ತದೆ, ಎಳೆದರೆ ಅಷ್ಟು ಹೊರಗೆ ಬರುತ್ತದೆ. ಹಾಗಿದ್ದಮೇಲೆ ಕರೆಂಟ್ ಬೆಳಕಿನಿಂದಲೇ ಬರಬೇಕೆಂದೇನಿದೆ? ಕತ್ತಲಲ್ಲಿಟ್ಟ ಪ್ಯಾನೆಲ್‌ಗೆ ಸಮಾನಾಂತರವಾಗಿ ಒಂದು ಸಪ್ಲೈ ಕಟ್ಟಿ, ಅದನ್ನು ಕರೆಂಟ್ ಲಿಮಿಟ್‌ನಲ್ಲಿ 13.85 ಆಂಪ್ಸಿಗೆ ನಿಲ್ಲಿಸಿದರೆ, ಹೊರಗಿನಿಂದ ನೋಡುವ ಇನ್ವರ್ಟರಿಗೆ ಅದು ಪೂರ್ಣ ಬಿಸಿಲಿನ ಪ್ಯಾನೆಲ್. ಸಪ್ಲೈಯ ಆಂಪ್ಸ್ ಗುಂಡಿಯೇ ಸೂರ್ಯ. 6.9 ಆಂಪ್ಸ್ ಮಾಡಿದರೆ ಅರ್ಧ ಬಿಸಿಲು, 2.8 ಮಾಡಿದರೆ ಐದನೇ ಒಂದು ಭಾಗ. ಇನ್ವರ್ಟರ್ ಪರೀಕ್ಷಿಸುವವರಿಗೆ ಇದು ಹೊಸ ವಿದ್ಯೆಯೇನಲ್ಲ. ಸಣ್ಣ ಘಟಕಗಳು ಇದನ್ನು ಬಳಸದಿರುವುದೇ ಆಶ್ಚರ್ಯ.

ಅಣ್ಣ ಮತ್ತು ಹುಡುಗ ಸೇರಿ ಆರು ಪ್ಯಾನೆಲ್‌ಗಳನ್ನು ಗೋಡೆಗೆ ಒರಗಿಸಿ, ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು, ಕಪ್ಪು ಟಾರ್ಪಾಲು ಹೊದಿಸಿದರು. ನಾಲ್ಕು ಪ್ಯಾನೆಲ್‌ಗಳ ಗುಂಪಿಗೆ ಒಂದು ಸಪ್ಲೈ, ಎರಡರ ಗುಂಪಿಗೆ ಇನ್ನೊಂದು. ಎರಡೂ ಅರ್ಥಿಗೆ ತಾಗದ, ತೇಲುವ ಔಟ್‌ಪುಟ್‌ನವು. ಪ್ಯಾನೆಲ್‌ನ ವೋಲ್ಟೇಜು ಸಪ್ಲೈಗೆ ಹಿಂದಿರುಗದಂತೆ ಒಂದೊಂದು ಬ್ಲಾಕಿಂಗ್ ಡಯೋಡ್. ಎರಡು ಗುಂಪೂ ಸರಣಿಯಲ್ಲಿ ಸೇರಿ ಇನ್ವರ್ಟರಿಗೆ ಹೋಗುತ್ತವೆ. ಎಲೆಕ್ಟ್ರಾನಿಕ್ ಲೋಡ್ ಹಾಕಿ ಮೊದಲು ಕರ್ವ್ ತೆಗೆದೆವು. ಶಾರ್ಟ್‌ನಿಂದ ಹೊರಟು 230 ವೋಲ್ಟ್ ತನಕ ಗೆರೆ ಹೆಚ್ಚುಕಡಿಮೆ ಮಟ್ಟಸ, 250ರ ಹತ್ತಿರ ತಿರುವು, ಆಮೇಲೆ 300ರ ಕಡೆಗೆ ಕಡಿದಾದ ಇಳಿಜಾರು. ಸ್ಕ್ರೀನಿನ ಮೇಲೆ ಅದು ಮೂಡುವುದನ್ನು ನೋಡಿ ಅಣ್ಣ ಬೆನ್ನು ತಟ್ಟಿದರು.

ಒಂದು ವ್ಯತ್ಯಾಸವನ್ನು ಸರಿಪಡಿಸಬೇಕು. ಬಿಸಿಲಿನ ಪ್ಯಾನೆಲ್‌ನಲ್ಲಿ ಹೊರಗೆ ಹೋಗುವ ಕರೆಂಟ್ ಕೋಶದ ಒಳಗಿನ ರೆಸಿಸ್ಟೆನ್ಸ್ ದಾಟಿ ಬರುತ್ತದೆ. ಇಲ್ಲಿ ಅದು ಸಪ್ಲೈಯಿಂದ ನೇರ ಇನ್ವರ್ಟರಿಗೆ ಹೋಗುವುದರಿಂದ ಕರ್ವ್ ಕೆಲವು ವೋಲ್ಟ್ ಬಲಕ್ಕೆ ಸರಿಯುತ್ತದೆ. ಔಟ್‌ಪುಟ್ ತಂತಿಯಲ್ಲಿ ಅಷ್ಟೇ ಬೆಲೆಯ ಸಣ್ಣ ಪವರ್ ರೆಸಿಸ್ಟರ್ ಹಾಕಿದರೆ ತಿರುವಿನ ಹತ್ತಿರ ಹೆಚ್ಚುಕಡಿಮೆ ಸರಿಹೋಗುತ್ತದೆ.

ಜೂನ್ 16, ಸೋಮವಾರ

ಇನ್ವರ್ಟರ್ ಜೋಡಿಸಿ ಪೂರ್ಣ ಬಿಸಿಲಿನಲ್ಲಿ ಓಡಿಸಿದ ದಿನ. ಇನ್ವರ್ಟರ್ ಸುಮ್ಮನಿದ್ದಾಗ ಸುಮಾರು 4 ಕಿಲೋವ್ಯಾಟ್ ಪ್ಯಾನೆಲ್‌ಗಳಲ್ಲೇ ಶಾಖವಾಗುತ್ತದೆ. ಹುಡುಗನಿಗೆ ಗಾಬರಿ. ಹಂಚಿ ನೋಡಿದರೆ ಚದರ ಮೀಟರಿಗೆ 270 ವ್ಯಾಟ್ ಕೂಡ ಆಗುವುದಿಲ್ಲ. ತಾರಸಿಯ ಮೇಲೆ ನಡುಮಧ್ಯಾಹ್ನ ಅದೇ ಪ್ಯಾನೆಲ್ ಇದರ ಎರಡು ಪಟ್ಟಿಗಿಂತ ಹೆಚ್ಚು ಶಾಖ ತಾಳುತ್ತದೆ. ಮೈ ಬಿಸಿಯಾಗುತ್ತ ಹೋದಂತೆ ವೋಲ್ಟೇಜು ತಾನಾಗಿ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಆಗುವುದೂ ಇದೇ.

ಇನ್ವರ್ಟರ್ ಓಡತೊಡಗಿದ ಮೇಲೆ ಅದು ಹೊರಗೆ ಕೊಡುವ ಎಸಿಯನ್ನು ಸಪ್ಲೈಗಳು ಇರುವ ಅದೇ ಬೋರ್ಡಿಗೆ ಸೇರಿಸಿದ್ದೇವೆ. ಕರೆಂಟು ಸಪ್ಲೈಯಿಂದ ಇನ್ವರ್ಟರಿಗೆ, ಇನ್ವರ್ಟರಿನಿಂದ ಬೋರ್ಡಿಗೆ, ಬೋರ್ಡಿನಿಂದ ಮತ್ತೆ ಸಪ್ಲೈಗೆ ಸುತ್ತು ಹೊಡೆಯುತ್ತದೆ. ಬೆಂಚಿನಲ್ಲಿ 3 ಕಿಲೋವ್ಯಾಟ್ ಓಡುತ್ತಿದ್ದರೂ ಮೀಟರಿನಿಂದ ಎಳೆಯುತ್ತಿದ್ದದ್ದು ಮುಕ್ಕಾಲು ಕಿಲೋವ್ಯಾಟಿನ ಆಸುಪಾಸು, ಅಂದರೆ ಎಲ್ಲದರ ನಷ್ಟ ಸೇರಿಸಿ ಎಷ್ಟೋ ಅಷ್ಟು. ರಾತ್ರಿಯಿಡೀ ಓಡಿಸುವ ಪರೀಕ್ಷೆಗೆ ಇದು ದೊಡ್ಡ ಉಳಿತಾಯ.

ಸಂಜೆ ಒಂದು ನಿಯಮವನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ: ಓಡುತ್ತಿರುವಾಗ ಪ್ಯಾನೆಲ್ ತಂತಿಗಳ ಎಂಸಿ4 ಕನೆಕ್ಟರ್ ಕಳಚಬಾರದು. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ಆರಲು ಅವಕಾಶವಿದೆ. ಡಿಸಿಯಲ್ಲಿ ಅದಿಲ್ಲ. 250 ವೋಲ್ಟ್, 13 ಆಂಪ್ಸಿನ ಆರ್ಕ್ ಎಳೆದಷ್ಟೂ ಉದ್ದವಾಗುತ್ತದೆ, ಕೈ ಸುಡುತ್ತದೆ, ಕಣ್ಣಿಗೂ ಕೆಡುಕು. ಮೊದಲು ಸಪ್ಲೈ ಇಳಿಸಬೇಕು, ಆಮೇಲೆ ಡಿಸಿ ಐಸೊಲೇಟರ್, ಕಡೆಗೆ ಕೈ. ಹುಡುಗನಿಂದ ಮೂರನ್ನೂ ಬಾಯಿಪಾಠ ಹೇಳಿಸಿದೆ.

ಜೂನ್ 18, ಬುಧವಾರ

ತೀರ್ಥಹಳ್ಳಿಯ ಬೆಳಗನ್ನು ಬೆಂಚಿಗೆ ತಂದೆವು. ಆಂಪ್ಸ್ ಗುಂಡಿಯನ್ನು 0.28ಕ್ಕೆ ಇಳಿಸಿದೆ. ಚದರ ಮೀಟರಿಗೆ 20 ವ್ಯಾಟ್ ಬೆಳಕು, ಅಂದರೆ ಪೂರ್ಣ ಬಿಸಿಲಿನ ಐವತ್ತನೇ ಒಂದು ಭಾಗ. ವೋಲ್ಟೇಜು ಮಾತ್ರ ಇನ್ನೂ 250ರ ಹತ್ತಿರ! ಇನ್ವರ್ಟರ್ ಅದನ್ನು ನೋಡಿ ಬೆಳಗಾಯಿತೆಂದು ಎದ್ದಿತು, ಗ್ರಿಡ್ ಪರಿಶೀಲಿಸಿತು, ರಿಲೇ ಟಕ್ ಎಂದಿತು. ಪವರ್ ಎಳೆಯಲು ಹೋದ ಕೂಡಲೇ ವೋಲ್ಟೇಜು ಕುಸಿದು ರಿಲೇ ಬಿಟ್ಟುಕೊಂಡಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಫೋನಿನಲ್ಲಿ ಕೇಳಿದ ವರ್ಣನೆ ಕಣ್ಣೆದುರೇ ನಡೆಯಿತು.

ಸೆಲೆ ಸಣ್ಣಗಾದ ಬಾವಿ ರಾತ್ರಿಯೆಲ್ಲ ತುಂಬಿ ಬೆಳಿಗ್ಗೆ ನೀರು ಮೇಲೆಯೇ ಕಾಣುತ್ತದೆ. ಪಂಪ್ ಹಾಕಿದ ಗಳಿಗೆಯಲ್ಲೇ ತಳ ಕಾಣುತ್ತದೆ. ಮಂಕು ಬೆಳಕಿನ ಪ್ಯಾನೆಲ್‌ನ ವೋಲ್ಟೇಜೂ ಹಾಗೆಯೇ. ಅದನ್ನಷ್ಟೇ ನೋಡಿ ಶುರುಮಾಡುವ ಇನ್ವರ್ಟರ್ ದಿನವೂ ಬೆಳಿಗ್ಗೆ ಸಂಜೆ ರಿಲೇಯ ಕಾಂಟ್ಯಾಕ್ಟ್‌ಗಳನ್ನು ಸವೆಸುತ್ತದೆ. ರಿಲೇ ಮುಚ್ಚುವ ಮೊದಲೇ ಒಳಗಿನ ಬೂಸ್ಟ್ ಹಂತದಲ್ಲಿ ಸ್ವಲ್ಪ ಎಳೆದು, ವೋಲ್ಟೇಜು ನಿಲ್ಲುತ್ತದೆಯೇ ಎಂದು ನೋಡಬೇಕು. ನಿಲ್ಲದಿದ್ದರೆ ಮುಂದಿನ ಪ್ರಯತ್ನಕ್ಕೆ ಕಾಯುವ ಹೊತ್ತನ್ನು ಹೆಚ್ಚಿಸುತ್ತ ಹೋಗಬೇಕು. ಫರ್ಮ್‌ವೇರಿನವರಿಗೆ ಹೇಳಿದೆ. ಸಂಜೆಯ ಹೊತ್ತಿಗೆ ಹೊಸ ಕೋಡ್ ಬಂತು. ಅದೇ ಬೆಳಗನ್ನು ಮತ್ತೆ ತಂದಾಗ ರಿಲೇ ಒಂದೇ ಸಲ ಮುಚ್ಚಿತು, ಬೆಳಕು ನಿಜಕ್ಕೂ ಸಾಕಾದ ಮೇಲೆ. ಬೆಳಗೂ ಅದೇ, ಇನ್ವರ್ಟರೂ ಅದೇ, ಬದಲಾದದ್ದು ಕೋಡ್ ಮಾತ್ರ. ಆಕಾಶದ ಕೆಳಗೆ ಇಷ್ಟು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ.

ಜೂನ್ 21, ಶನಿವಾರ

ಇವತ್ತು ಮೋಡದ ಪರೀಕ್ಷೆ. ಎಂಪಿಪಿಟಿಯ ಕಾರ್ಯಕ್ಷಮತೆ ಅಳೆಯಲು ಯುರೋಪಿನ ಇಎನ್ 50530 ಎಂಬ ಮಾನದಂಡವಿದೆ. ಬಿಸಿಲನ್ನು ಶೇ 10ರಿಂದ 50ಕ್ಕೆ, ಶೇ 30ರಿಂದ 100ಕ್ಕೆ ಏರಿಸಿ ಇಳಿಸುವ ಇಳಿಜಾರುಗಳು ಅದರಲ್ಲಿವೆ. ಚದರ ಮೀಟರಿಗೆ ನಿಧಾನದ್ದು ಸೆಕೆಂಡಿಗೆ ಅರ್ಧ ವ್ಯಾಟ್, ವೇಗದ್ದು ಸೆಕೆಂಡಿಗೆ 100 ವ್ಯಾಟ್. ಲ್ಯಾಪ್‌ಟಾಪಿನಿಂದ ಸಪ್ಲೈಗಳಿಗೆ ಆಜ್ಞೆ ಕೊಟ್ಟು 4.15 ಆಂಪ್ಸಿನಿಂದ 13.85ಕ್ಕೆ ಏಳು ಸೆಕೆಂಡಿನಲ್ಲಿ ಏರಿಸಿದೆವು. ಮೋಡದ ಅಂಚು ಸರಿದು ಬಿಸಿಲು ಬೀಳುವಾಗ ತಾರಸಿಯಲ್ಲಿ ಆಗುವುದು ಇದೇ.

ಮೊದಲನೆಯ ಫರ್ಮ್‌ವೇರ್ ಬಳಸುವ ಎಂಪಿಪಿಟಿಯ ಹಳೆಯ ಸೂತ್ರ ಸರಳ: ವೋಲ್ಟೇಜನ್ನು ಒಂದು ಹೆಜ್ಜೆ ಸರಿಸಿ ನೋಡು, ಪವರ್ ಹೆಚ್ಚಿದರೆ ಅದೇ ದಿಕ್ಕಿನಲ್ಲಿ ಮುಂದುವರಿ, ಕಡಿಮೆಯಾದರೆ ತಿರುಗು. ಬಿಸಿಲು ಏರುತ್ತಿರುವಾಗ ಯಾವ ಕಡೆ ಹೆಜ್ಜೆ ಇಟ್ಟರೂ ಪವರ್ ಹೆಚ್ಚುತ್ತದೆ. ಹೆಚ್ಚಿಸಿದ್ದು ಸೂರ್ಯ, ಇನ್ವರ್ಟರ್ ಅದನ್ನು ತನ್ನ ಹೆಜ್ಜೆಯ ಫಲವೆಂದು ತಿಳಿದು ತಪ್ಪು ದಿಕ್ಕಿನಲ್ಲೇ ಸಾಗುತ್ತದೆ. ಸ್ಕೋಪಿನ ಹಳದಿ ಗೆರೆ ತಿರುವಿನಿಂದ ಜಾರಿ ದೂರ ಹೋಗಿ, ಏರಿಕೆ ನಿಂತ ಮೇಲೆ ಮೆಲ್ಲಗೆ ಹಿಂದಿರುಗುವುದನ್ನು ಮೂವರೂ ನೋಡಿದೆವು. ಎರಡನೆಯ ಫರ್ಮ್‌ವೇರ್ ಎರಡು ಹೆಜ್ಜೆಗಳ ನಡುವೆ ಅಲುಗದೆ ಒಮ್ಮೆ ಅಳೆಯುತ್ತದೆ. ಅಲುಗದೆ ನಿಂತಾಗ ಆದ ಬದಲಾವಣೆ ಸೂರ್ಯನ ಪಾಲು, ಉಳಿದದ್ದು ಹೆಜ್ಜೆಯ ಪಾಲು. ಅದೇ ಇಳಿಜಾರಿನಲ್ಲಿ ಅದು ತಿರುವನ್ನು ಬಿಟ್ಟು ಕದಲಲಿಲ್ಲ. ತಿಂಗಳ ಆರಂಭದಲ್ಲಿ ಕೇಳಿಕೊಂಡ ಪ್ರಶ್ನೆಗೆ ಉತ್ತರ ಸಿಕ್ಕಿತು: ಎರಡನೆಯದೇ ಮೇಲು.

ಜೂನ್ 24, ಮಂಗಳವಾರ

ಅಡಿಕೆ ಮರದ ನೆರಳು. ನಾಲ್ಕು ಪ್ಯಾನೆಲ್‌ಗಳ ಗುಂಪಿಗೆ 13.85 ಆಂಪ್ಸ್, ಎರಡರ ಗುಂಪಿಗೆ 5 ಆಂಪ್ಸ್ ಮಾತ್ರ. ಮೊದಲೇ ಎರಡು ಗುಂಪಾಗಿ ಕಟ್ಟಿದ್ದು ಇದಕ್ಕಾಗಿಯೇ. 5 ಆಂಪ್ಸಿಗಿಂತ ಹೆಚ್ಚು ಎಳೆದರೆ ನೆರಳಿನ ಪ್ಯಾನೆಲ್‌ಗಳ ಹಿಂಬದಿಯ ಜಂಕ್ಷನ್ ಬಾಕ್ಸಿನಲ್ಲಿರುವ ಬೈಪಾಸ್ ಡಯೋಡ್‌ಗಳು ತೆರೆದುಕೊಂಡು, ಕರೆಂಟನ್ನು ಆ ಗುಂಪಿನ ಪಕ್ಕದಿಂದ ದಾಟಿಸುತ್ತವೆ.

ಕರ್ವ್ ತೆಗೆದಾಗ ಪವರಿಗೆ ಎರಡು ಶಿಖರ. 165 ವೋಲ್ಟಿನ ಹತ್ತಿರ ಸುಮಾರು 2150 ವ್ಯಾಟಿನ ದೊಡ್ಡದು, 275ರ ಹತ್ತಿರ ಸುಮಾರು 1300 ವ್ಯಾಟಿನ ಚಿಕ್ಕದು. ಇನ್ವರ್ಟರ್ ಬೆಳಿಗ್ಗೆ ಏಳುವುದು ತುತ್ತತುದಿಯ ವೋಲ್ಟೇಜಿನಲ್ಲಿ. ಅಲ್ಲಿಂದ ಕೆಳಗಿಳಿಯುವಾಗ ಮೊದಲು ಎದುರಾಗುವುದು ಚಿಕ್ಕ ಶಿಖರ. ಅದರ ಎರಡು ಬದಿಗೂ ಪವರ್ ಕಡಿಮೆ, ಹಾಗಾಗಿ ಅಲ್ಲೇ ನೆಲೆ ನಿಲ್ಲುತ್ತದೆ. ದೊಡ್ಡದು ಆಚೆ ಇದೆಯೆಂದು ತಿಳಿಯುವ ದಾರಿಯೇ ಇಲ್ಲ. ನೆರಳಿರುವಷ್ಟು ಹೊತ್ತು ಶೇ 40ರಷ್ಟು ವಿದ್ಯುತ್ ದಿನವೂ ಕೈಬಿಟ್ಟು ಹೋಗುತ್ತದೆ. ಡಿಸ್‌ಪ್ಲೇಯಲ್ಲಿ ಯಾವ ದೋಷವೂ ಬರುವುದಿಲ್ಲ, ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಮನೆಯವರಿಗೆ ಗೊತ್ತಾಗುವುದು ತಿಂಗಳ ಬಿಲ್ಲಿನಲ್ಲಿ, ಅದೂ ಪಕ್ಕದ ಮನೆಯವರ ಬಿಲ್ಲಿನೊಂದಿಗೆ ಹೋಲಿಸಿದರೆ ಮಾತ್ರ.

ಪರಿಹಾರ ಗೊತ್ತಿರುವುದೇ. ಕೆಲವು ನಿಮಿಷಕ್ಕೊಮ್ಮೆ ವೋಲ್ಟೇಜನ್ನು ಮೇಲಿನಿಂದ ಕೆಳತನಕ ಬೇಗನೆ ಓಡಿಸಿ, ಅತಿ ಎತ್ತರದ ಶಿಖರ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಓಡಿಸುವ ಆ ಕ್ಷಣದಲ್ಲಿ ಸ್ವಲ್ಪ ನಷ್ಟವಿದೆ. ನೆರಳೇ ಇಲ್ಲದ ಪಾವಗಡದ ಬಯಲಿಗೆ ಇದು ಬೇಡ, ಮಲೆನಾಡಿನ ಮನೆಗೆ ಬೇಕು. ಸೆಟ್ಟಿಂಗ್‌ನಲ್ಲಿ ಆಯ್ಕೆಯಾಗಿ ಕೊಡಲು ತೀರ್ಮಾನಿಸಿದೆವು.

ತೀರ್ಥಹಳ್ಳಿಗೆ ಫೋನ್ ಮಾಡಿ ಕಾರಣ ವಿವರಿಸಿದೆ. “ಮರ ಕಡೀಬೇಕಾ ಮೇಡಂ?” ಎಂದು ಕೇಳಿದರು. ಬೇಡ, ಹೊಸ ಬೋರ್ಡ್ ಕಳಿಸುತ್ತೇನೆ ಎಂದೆ.

ಜೂನ್ 26, ಗುರುವಾರ

ನಮ್ಮ ಬೆಂಚನ್ನು ತಾಳೆ ನೋಡಲು ನಿಜವಾದ ಸೋಲಾರ್ ಅರೇ ಸಿಮ್ಯುಲೇಟರ್ ಬಾಡಿಗೆಗೆ ತರಿಸಿದ್ದೇವೆ. ಕೀಸೈಟ್, ಕ್ರೋಮಾ ಮೊದಲಾದವರು ಇಂಥವನ್ನು ಮಾಡುತ್ತಾರೆ. ನಾಲ್ಕು ಅಂಕಿ ಕೊಟ್ಟರೆ ಸಾಕು: ತೆರೆದ ವೋಲ್ಟೇಜು, ಶಾರ್ಟ್ ಕರೆಂಟ್, ಗರಿಷ್ಠ ಪವರಿನ ವೋಲ್ಟೇಜು, ಅಲ್ಲಿನ ಕರೆಂಟ್. ಉಳಿದ ಕರ್ವ್ ಅದೇ ಎಳೆಯುತ್ತದೆ. ವೇಗವೂ ಬೇಕು, ಸಿಂಗಲ್ ಫೇಸ್ ಇನ್ವರ್ಟರ್ ಎಳೆಯುವ ಪವರ್ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ, ಅದರ ಬೆನ್ನಿಗೇ ಸಿಮ್ಯುಲೇಟರ್ ಕರ್ವ್ ಮೇಲೆ ಚಲಿಸಬೇಕು. ಸ್ಥಿರ ಬಿಸಿಲಿನ ಪರೀಕ್ಷೆಗಳಲ್ಲಿ ನಮ್ಮ ಕತ್ತಲ ಪ್ಯಾನೆಲ್‌ಗಳ ಫಲಿತಾಂಶಕ್ಕೂ ಇದರದಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಇದರ ಮೇಲುಗೈ ಬೇರೆ ಕಡೆ ಇದೆ: 10 ಡಿಗ್ರಿಯ ಚಳಿಯ ಬೆಳಗು, 65 ಡಿಗ್ರಿಗೆ ಕಾದ ಪ್ಯಾನೆಲ್, ಬೇರೆ ಕಂಪನಿಯ ಪ್ಯಾನೆಲ್ ಎಲ್ಲವೂ ಒಂದೊಂದು ಸಾಲು ಟೈಪ್ ಮಾಡಿದರೆ ಬರುತ್ತವೆ.

ಈ ಯಂತ್ರಗಳ ವಂಶ ಉಪಗ್ರಹಗಳ ಕಡೆಯದು. ಬಾಹ್ಯಾಕಾಶದಲ್ಲಿ ಸೌರಫಲಕದಿಂದ ಬರುವ ವಿದ್ಯುತ್ತನ್ನು ನೆಲದ ಮೇಲೆಯೇ ಅನುಕರಿಸಿ ಉಪಗ್ರಹದ ಪವರ್ ವ್ಯವಸ್ಥೆಯನ್ನು ಪರೀಕ್ಷಿಸುತ್ತಾರೆ. ಪೀಣ್ಯದಲ್ಲಿ ಕೂತು ಇದನ್ನು ಬರೆಯುವಾಗ ಆರ್ಯಭಟ ನೆನಪಾಗದಿರದು. ಭಾರತದ ಮೊದಲ ಉಪಗ್ರಹ ತಯಾರಾದದ್ದು ಇದೇ ಪೀಣ್ಯದ ಶೆಡ್‌ಗಳಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ತೊಂದರೆಯಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು, ಆದರೂ ಉಪಗ್ರಹ ಕಟ್ಟುವ ವಿದ್ಯೆ ನಮ್ಮಲ್ಲಿ ನೆಲೆಯೂರಿತು. ಮೇಲೆ ಹೋದದ್ದನ್ನು ಇಳಿಸಿ ರಿಪೇರಿ ಮಾಡಲು ಬಾರದು, ಹಾಗಾಗಿ ಅವರು ನೆಲದ ಮೇಲೆ ಅಷ್ಟು ಪರೀಕ್ಷಿಸುತ್ತಾರೆ. ನಮ್ಮ ಇನ್ವರ್ಟರಿಗೆ ವಾರಂಟಿ ಇದೆ ನಿಜ. ಆದರೆ ಆಗುಂಬೆ ಘಾಟಿಯ ಬುಡದ ಒಂಟಿ ಮನೆಗೆ ಮಳೆಗಾಲದಲ್ಲಿ ರಿಪೇರಿಯವನು ತಲುಪುವುದೂ ಸುಲಭವಲ್ಲ.

ಜೂನ್ 28, ಶನಿವಾರ

ಅತಿ ಮುಖ್ಯವಾದ ಪರೀಕ್ಷೆ. ಕರೆಂಟು ಹೋದಾಗ ಇನ್ವರ್ಟರ್ ಲೈನಿಗೆ ವಿದ್ಯುತ್ ಕೊಡುವುದನ್ನು ನಿಲ್ಲಿಸಲೇಬೇಕು. ಲೈನ್ ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವ ಇದರ ಮೇಲಿದೆ. ಇದನ್ನು ಪರೀಕ್ಷಿಸುವ ಬಗೆ ಐಎಸ್ 16169ರಲ್ಲಿದೆ, ಮಿತಿ 2 ಸೆಕೆಂಡ್.

ಮೇನ್ ಸ್ವಿಚ್ ಕೆಳಗೆ ಮಾಡಿದರೆ ಪರೀಕ್ಷೆ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಸಪ್ಲೈಯೂ ಆರಿ, ಇನ್ವರ್ಟರಿಗೆ ಬಿಸಿಲೂ ಇಲ್ಲದಂತಾಗುತ್ತದೆ. ನಿಜದಲ್ಲಿ ಕರೆಂಟು ಹೋದರೆ ಸೂರ್ಯ ಹೋಗುವುದಿಲ್ಲ. ಅದಕ್ಕೇ ಸಪ್ಲೈಗಳನ್ನು ಜನರೇಟರಿಗೆ ಹಾಕಿದೆವು. ಇನ್ವರ್ಟರಿನ ಎಸಿ ಕಡೆಗೆ ರೆಸಿಸ್ಟೆನ್ಸ್, ಚೋಕ್, ಕೆಪಾಸಿಟರ್ ಮೂರನ್ನೂ ಕಟ್ಟಿ, ಇನ್ವರ್ಟರ್ ಕೊಡುವುದಕ್ಕೂ ಈ ಲೋಡ್ ಎಳೆಯುವುದಕ್ಕೂ ಸರಿಸಮ ಮಾಡಿದೆವು. ಗ್ರಿಡ್ಡಿನ ಸ್ವಿಚ್ಚಿನಲ್ಲಿ ಹರಿಯುವ ಕರೆಂಟ್ ಸೊನ್ನೆಯ ಹತ್ತಿರ ಬಂದಾಗ ಸ್ವಿಚ್ ತೆರೆಯಬೇಕು. ಅತಿ ಕಷ್ಟದ ಗಳಿಗೆ ಅದು, ಏಕೆಂದರೆ ಗ್ರಿಡ್ ಹೋದರೂ ವೋಲ್ಟೇಜು, ಫ್ರೀಕ್ವೆನ್ಸಿ ಎರಡೂ ಇದ್ದಂತೆಯೇ ಇರುತ್ತವೆ. ಇನ್ವರ್ಟರ್ ತಾನೇ ಫ್ರೀಕ್ವೆನ್ಸಿಯನ್ನು ಮೆಲ್ಲಗೆ ತಳ್ಳಿ ನೋಡಬೇಕು. ಗ್ರಿಡ್ ಇದ್ದರೆ ಅದು ಕದಲುವುದಿಲ್ಲ, ಇಲ್ಲದಿದ್ದರೆ ಜಾರುತ್ತದೆ.

ಅಣ್ಣ ಸ್ವಿಚ್ ತೆರೆದರು. ಸ್ಕೋಪಿನಲ್ಲಿ ಅಲೆ ಸ್ವಲ್ಪ ಹೊತ್ತು ಹಾಗೇ ಮುಂದುವರಿದು, ಒತ್ತೊತ್ತಾಗುತ್ತ ಬಂದು, ಒಂದು ಸೆಕೆಂಡಿನೊಳಗೆ ಕಡಿದುಬಿತ್ತು. ಲೋಡನ್ನು ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಮಾಡಿ, ಪೂರ್ಣ ಬಿಸಿಲು, ಅರ್ಧ ಬಿಸಿಲು, ಮಂಕು ಬಿಸಿಲಿನಲ್ಲಿ ಮತ್ತೆ ಮತ್ತೆ ನೋಡಿದೆವು. ಎಲ್ಲದರಲ್ಲೂ ಮಿತಿಯೊಳಗೇ ನಿಂತಿತು. ಅಣ್ಣನ ತಮ್ಮ ಲೈನ್‌ಮನ್. ಅವರು ಒಂದೊಂದು ಅಂಕಿಯನ್ನೂ ತಾವೇ ಬರೆದುಕೊಂಡರು.

ಜುಲೈ 2, ಬುಧವಾರ

ಸಿಮ್ಯುಲೇಟರಿಗೂ ಕತ್ತಲ ಪ್ಯಾನೆಲ್‌ಗೂ ಇಲ್ಲದ ಒಂದು ಗುಣ ತಾರಸಿಯ ಪ್ಯಾನೆಲ್‌ಗಿದೆ: ಮಳೆಯಲ್ಲಿ ನೆನೆಯುವುದು. ಕೋಶಗಳಿಗೂ ಅರ್ಥ್ ಆದ ಚೌಕಟ್ಟಿಗೂ ನಡುವೆ ಕೆಪಾಸಿಟೆನ್ಸ್ ಇರುತ್ತದೆ. ಗಾಜಿನ ಪ್ಯಾನೆಲ್‌ಗೆ ಕಿಲೋವ್ಯಾಟಿಗೆ ಸಾಮಾನ್ಯವಾಗಿ 50ರಿಂದ 150 ನ್ಯಾನೊಫ್ಯಾರಡ್; ಒದ್ದೆಯಾದಾಗ ಹೆಚ್ಚುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಇನ್ವರ್ಟರಿನಿಂದ ಈ ದಾರಿಯಲ್ಲಿ ಸೋರಿಕೆ ಕರೆಂಟ್ ಹರಿಯುತ್ತದೆ. 300 ಮಿಲಿಆಂಪ್ಸ್ ದಾಟಿದರೆ, ಅಥವಾ ಇದ್ದಕ್ಕಿದ್ದಂತೆ 30 ಮಿಲಿಆಂಪ್ಸ್ ಜಿಗಿದರೆ, ಯಾರೋ ತಂತಿ ಮುಟ್ಟಿರಬಹುದೆಂದು ಇನ್ವರ್ಟರ್ ನಿಲ್ಲಬೇಕು. ಡಿಸಿ ತಂತಿಗಳಿಂದ ಅರ್ಥಿಗೆ ಫಿಲ್ಮ್ ಕೆಪಾಸಿಟರ್‌ಗಳನ್ನು ಕಟ್ಟಿ, ಒಂದೊಂದಾಗಿ ಹೆಚ್ಚಿಸಿ ಮಳೆಗಾಲ ತಂದೆವು. ನೆನೆದ ಪ್ಯಾನೆಲ್‌ಗೆ ಸುಮ್ಮನೆ ನಿಲ್ಲಬಾರದು, ಕೈ ತಾಗಿದ್ದಕ್ಕೆ ನಿಲ್ಲದೆ ಇರಬಾರದು. ಎರಡನ್ನೂ ಬೇರ್ಪಡಿಸಿ ಗುರುತಿಸುತ್ತಿದೆ.

ಎಫಿಶಿಯೆನ್ಸಿ ಬರೆಯುವ ಬಗ್ಗೆ ಸಂಜೆ ಚರ್ಚೆ. ಯುರೋಪಿಯನ್ ಲೆಕ್ಕದಲ್ಲಿ ಅರ್ಧ ಲೋಡಿಗೆ ಶೇ 48 ತೂಕ, ಕ್ಯಾಲಿಫೋರ್ನಿಯಾದ ಲೆಕ್ಕದಲ್ಲಿ ಮುಕ್ಕಾಲು ಲೋಡಿಗೆ ಶೇ 53. ಮೋಡದ ಮಲೆನಾಡಿಗೆ ಮೊದಲನೆಯದು ಹತ್ತಿರ, ಪಾವಗಡ, ರಾಯಚೂರಿನ ಬಿಸಿಲಿಗೆ ಎರಡನೆಯದು. ಪೆಟ್ಟಿಗೆಯ ಮೇಲೆ ಗರಿಷ್ಠ ಅಂಕಿ ಒಂದನ್ನೇ ದೊಡ್ಡದಾಗಿ ಅಚ್ಚು ಹಾಕುವುದನ್ನು ನಾನು ಒಪ್ಪುವುದಿಲ್ಲ. ಎರಡು ಅಂಕಿಯನ್ನೂ ಹಾಕಬೇಕೆಂದು ಹೇಳಿದ್ದೇನೆ.

ಜುಲೈ 5, ಶನಿವಾರ

ಹೊಸ ಬೋರ್ಡ್ ತೀರ್ಥಹಳ್ಳಿ ತಲುಪಿ ಕೂರಿಸಿಯಾಗಿದೆ. ಬೆಳಗಿನ ಟಕ್ ಟಕ್ ನಿಂತಿದೆ. ಯೂನಿಟ್‌ಗಳ ಲೆಕ್ಕ ಹೇಳಲು ಬಿಸಿಲಿನ ದಿನಗಳು ಬರಬೇಕು.

ಬೆಂಚನ್ನು ಇನ್ನು ಬಿಚ್ಚುವುದಿಲ್ಲ. ಮುಂದೆ ಇಲ್ಲಿಂದ ಹೊರಡುವ ಪ್ರತಿ ಇನ್ವರ್ಟರೂ ಐದು ಪರೀಕ್ಷೆ ದಾಟಬೇಕು: ಮಂಕು ಬೆಳಗು, ಓಡುವ ಮೋಡ, ಮರದ ನೆರಳು, ನೆನೆದ ಪ್ಯಾನೆಲ್, ಹೋದ ಕರೆಂಟು. ಪೂರ್ಣ ಬಿಸಿಲಿನಲ್ಲಿ ಎಂಥ ಇನ್ವರ್ಟರೂ ಚೆನ್ನಾಗಿಯೇ ಓಡುತ್ತದೆ. ಬೆಲೆ ಗೊತ್ತಾಗುವುದು ಕೆಟ್ಟ ಬಿಸಿಲಿನಲ್ಲಿ. ಇದಕ್ಕೆ ಮುಖ್ಯವಾಗಿ ಬೇಕಾದ್ದು ಕರೆಂಟ್ ಲಿಮಿಟ್ ಇರುವ ಎರಡು ಸಪ್ಲೈ, ಆರು ಪ್ಯಾನೆಲ್, ಒಂದು ಟಾರ್ಪಾಲು. ಲಕ್ಷಾಂತರ ರೂಪಾಯಿಯ ಸಿಮ್ಯುಲೇಟರ್ ಕೊಳ್ಳಲಾಗದ ಸಣ್ಣ ಘಟಕವೂ ಇಷ್ಟನ್ನು ಹೊಂದಿಸಿಕೊಳ್ಳಬಹುದು. ಅಕ್ಕಪಕ್ಕದ ಶೆಡ್ಡಿನವರನ್ನು ಸೋಮವಾರ ಕರೆದಿದ್ದೇನೆ. ನೋಡಿಕೊಂಡು ಹೋಗಿ ಅವರೂ ಕಟ್ಟಿಕೊಳ್ಳಲಿ. ಸರ್ಕ್ಯೂಟ್ ಬರೆದು ಕೊಡುತ್ತೇನೆ.